ಎರಡೆಳೆ ಫ್ಯೂಸು

ಮೋಟರಿನ ರೋಗ ಹುಡುಕುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಸಾಗರದ ಪೇಟೆಯಲ್ಲಿ ಒಂದು ಕಾಲಕ್ಕೆ ಹೆಸರಿತ್ತು. ಆ ಹೆಸರನ್ನು ಪೇಟೆಯವರಿಗಿಂತ ಹೆಚ್ಚಾಗಿ ನಂಬಿದ್ದವನು ನಾನೇ. ಆಗ ನನಗೆ ಇಪ್ಪತ್ತಾರು ವರ್ಷ. ಯುದ್ಧ ನಡೆಯುತ್ತಿದ್ದ ಕಾಲ. ಜೋಗದ ಕಡೆ ಕರೆಂಟಿನ ದೊಡ್ಡ ಕೆಲಸ ಶುರುವಾದಾಗ ಅಲ್ಲಿಯ ವರ್ಕ್‌ಶಾಪಿನಲ್ಲಿ ಮೂರು ವರ್ಷ ಸುತ್ತಿಗೆ ಹಿಡಿದು, ಆಮೇಲೆ ಸಾಗರಕ್ಕೆ ಬಂದು ಒಂದು ರಿಪೇರಿ ಅಂಗಡಿ ಸೇರಿದ್ದೆ. ಪಕ್ಕದಲ್ಲಿ ಗಂಧದ ಕೆತ್ತನೆ ಮಾಡುವ ಗುಡಿಗಾರರ ಮನೆ. ಅವರು ಆನೆ, ನವಿಲು ಕೆತ್ತುತ್ತ ತಣ್ಣಗೆ ಕೂತಿರುತ್ತಿದ್ದರು. ನಾನು ಬಸ್ಸಿನ ಡೈನಮೊ, ಡೇರೆ ಸಿನಿಮಾದವರ ಮೋಟರು, ಅಕ್ಕಿ ಗಿರಣಿಯವರ ಮೋಟರು ಎಂದು ಬೆಳಗಿನಿಂದ ಸಂಜೆವರೆಗೆ ಬಂದವರ ಮೇಲೆಲ್ಲ ಹರಿಹಾಯುತ್ತಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇತ್ತು. ಈಗಲೂ ಇದೆ, ಆದರೆ ಮೂಗಿಗೆ ವಯಸ್ಸಾಗಿದೆ.

ಆಗ ನಮ್ಮ ಕೈಗೆ ಬರುತ್ತಿದ್ದದ್ದೆಲ್ಲ ಡಿ.ಸಿ. ಮೋಟರು. ಅದರ ಪ್ರಾಣವೆಲ್ಲ ಒಂದು ತಾಮ್ರದ ಉರುಳೆಯಲ್ಲಿ. ಕಮ್ಯುಟೇಟರ್ ಎಂದು ಅದರ ಹೆಸರು. ತಾಮ್ರದ ಸಣ್ಣ ಸಣ್ಣ ಪಟ್ಟಿಗಳನ್ನು ಸುತ್ತ ಜೋಡಿಸಿ, ಒಂದಕ್ಕೊಂದು ತಾಗದಂತೆ ನಡುವೆ ಅಭ್ರಕ ಇಟ್ಟು ಬಿಗಿದಿರುತ್ತಾರೆ. ಉರುಳೆ ತಿರುಗುವಾಗ ಅದರ ಮೈಗೆ ಒತ್ತಿಕೊಂಡು ಇದ್ದಿಲಿನಂಥ ಕಾರ್ಬನ್ ತುಂಡುಗಳು ಕರೆಂಟು ಕೊಡುತ್ತವೆ. ಅವಕ್ಕೆ ಬ್ರಷ್ ಎನ್ನುತ್ತಾರೆ. ಸುಖವಾಗಿ ಓಡುತ್ತಿರುವ ಮೋಟರಿನ ತಾಮ್ರ ಹೊಳೆಯುವುದಿಲ್ಲ. ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿ ನುಣ್ಣಗಾಗಿರುತ್ತದೆ. ಆ ಬಣ್ಣ ಬಂದ ಮೇಲೆ ಅದರ ತಂಟೆಗೆ ಹೋಗಬಾರದು ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ನಾನು ಅದನ್ನು ಬೈಗುಳ ತಿಂದು ಕಲಿತಿದ್ದೆ. ಕಲಿತದ್ದನ್ನು ಇನ್ನೊಬ್ಬರಿಗೆ ಹೇಳುವ ಅಭ್ಯಾಸ ಮಾತ್ರ ಇರಲಿಲ್ಲ.

ವಿಜಯದಶಮಿ ಕಳೆದು ನಾಲ್ಕನೆಯ ದಿನ ಬಸ್ಸಿನ ಕಂಡಕ್ಟರ್ ಒಂದು ಚೀಟಿ ತಂದುಕೊಟ್ಟ. ತೀರ್ಥಹಳ್ಳಿಯ ಅಕ್ಕಿ ಗಿರಣಿಯ ಸಾಹುಕಾರರು ಬರೆಸಿದ್ದು. ಮೋಟರಿನಲ್ಲಿ ಬೆಂಕಿ ಹಾರುತ್ತಿದೆ, ಕೂಡಲೇ ಹೊರಟು ಬರುವುದು, ಅಷ್ಟೇ. ನನಗೆ ಮೈಯೆಲ್ಲ ಉರಿಯಿತು. ಮಳೆಗಾಲ ಮುಗಿಯುತ್ತಲೇ ಅದೇ ಮೋಟರನ್ನು ನಾನೇ ಎರಡು ದಿನ ಕೂತು ಬಿಚ್ಚಿ, ಒಣಗಿಸಿ, ಜೋಡಿಸಿ ಬಂದಿದ್ದೆ. ತಿಂಗಳು ಕಳೆಯುವುದರೊಳಗೆ ಅದು ಬೆಂಕಿ ಉಗುಳುತ್ತದೆ ಎಂದರೆ ನನ್ನ ಮುಖಕ್ಕೇ ಉಗುಳಿದ ಹಾಗೆ. ತಪ್ಪು ನನ್ನದಲ್ಲ ಎನ್ನುವುದು ಬಸ್ಸು ಹತ್ತುವ ಮೊದಲೇ ನನ್ನಲ್ಲಿ ತೀರ್ಮಾನವಾಗಿತ್ತು. ಹಾಗಾದರೆ ಯಾರದು ಎಂದು ಹುಡುಕುವುದಷ್ಟೇ ಉಳಿದಿತ್ತು.

ಪೆಟ್ರೋಲಿಗೆ ಬರಗಾಲ ಬಂದು ಬಸ್ಸುಗಳು ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದವು. ಏರು ಬಂದರೆ ಗಂಡಸರೆಲ್ಲ ಇಳಿದು ನಡೆಯಬೇಕು. ರಿಪ್ಪನ್‌ಪೇಟೆಯಲ್ಲಿ ಇದ್ದಿಲು ತುಂಬಿ, ಹುಂಚದ ಹತ್ತಿರ ಒಲೆಯ ಬೂದಿ ಕೆದಕಿ, ತೀರ್ಥಹಳ್ಳಿ ಮುಟ್ಟುವಾಗ ಮಧ್ಯಾಹ್ನ ಮೂರು ದಾಟಿತ್ತು. ಹಾದಿಯುದ್ದಕ್ಕೂ ನನ್ನ ಸಿಟ್ಟು ಬಲಿಯುತ್ತ ಬಂತು.

ಆ ಗಿರಣಿಯ ವ್ಯವಸ್ಥೆ ಸ್ವಲ್ಪ ವಿಚಿತ್ರ. ಎಣ್ಣೆ ಇಂಜಿನ್ನೂ ಡೈನಮೊವೂ ಕೆಳಗೆ ಹಳ್ಳದ ಪಕ್ಕದ ಕೊಟ್ಟಿಗೆಯಲ್ಲಿ. ಇಂಜಿನ್ ತಣಿಸಲು ಅಲ್ಲಿ ನೀರಿತ್ತು. ಉಮಿಯ ರಾಶಿಯ ಹತ್ತಿರ ಇಂಜಿನ್ ಬೇಡ ಎನ್ನುವ ಜಾಗ್ರತೆಯೂ ಇತ್ತು. ಅಲ್ಲಿಂದ ಕಂಬದ ಮೇಲೆ ತಂತಿ ಎಳೆದು, ರಸ್ತೆ ಬದಿಯ ಗಿರಣಿಯಲ್ಲಿ ಮೋಟರು ಕೂರಿಸಿದ್ದರು. ಮೋಟರಿಂದ ಬೆಲ್ಟು, ಬೆಲ್ಟಿನಿಂದ ಅಕ್ಕಿ ಮಾಡುವ ಯಂತ್ರ. ಎಲ್ಲವನ್ನೂ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಡ್ರೈವರ್ ಎಂದು ಎಲ್ಲರೂ ಕರೆಯುತ್ತಿದ್ದ ಆ ಮನುಷ್ಯನಿಗೆ ಐವತ್ತು ದಾಟಿತ್ತು. ಬಡಕಲು ಮೈ, ಮಾತು ಕಡಿಮೆ. ಗಿರಣಿಯ ಹಿಂದಿನ ಎರಡು ಕೋಣೆಯ ಬಿಡಾರದಲ್ಲಿ ಅವರ ವಾಸ.

ಅಂಗಳದಲ್ಲಿ ಭತ್ತದ ಗಾಡಿಗಳು ಸಾಲುಗಟ್ಟಿದ್ದವು. ದೀಪಾವಳಿಗೆ ಅಕ್ಕಿ ಬೇಕೆಂದು ಬಂದವರು ಎರಡು ದಿನದಿಂದ ಕಾಯುತ್ತ, ಎತ್ತುಗಳಿಗೆ ಹುಲ್ಲು ಹಾಕುತ್ತ, ಸಾಹುಕಾರರನ್ನು ಶಪಿಸುತ್ತ ಕೂತಿದ್ದರು. ನಾನು ಚೀಲ ಕೆಳಗಿಟ್ಟು ಮೋಟರು ಚಾಲೂ ಮಾಡಲು ಹೇಳಿದೆ.

ಡ್ರೈವರ್ ಕೆಳಗೆ ಹೋಗಿ ಇಂಜಿನ್ ಎಬ್ಬಿಸಿ ಬಂದು, ಸ್ಟಾರ್ಟರಿನ ಹಿಡಿಯನ್ನು ಮೆಲ್ಲಗೆ ತಳ್ಳಿದರು. ಮೋಟರು ತಿರುಗಿತು, ಯಂತ್ರದ ಭಾರ ಬಿದ್ದಿತು, ಬಿದ್ದದ್ದೇ ತಡ ಬ್ರಷ್ಷಿನ ಬುಡದಿಂದ ನೀಲಿ ಕಿಡಿ ಎದ್ದು ತಾಮ್ರದ ಸುತ್ತ ಬಳೆಯ ಹಾಗೆ ಹರಿಯಿತು. ಸುಟ್ಟ ಎಣ್ಣೆಯ ಕಮಟು. ಕೇರುತ್ತಿದ್ದ ಹೆಂಗಸರು ಮೊರ ಬಿಟ್ಟು ಹೊರಗೆ ಓಡಿದರು. ನಿಲ್ಲಿಸಿ ಎಂದು ಕೂಗಿದೆ. ಮೋಟರಿನ ಮೈ ಮುಟ್ಟಿದರೆ ಕೈ ಸುಡುವಷ್ಟು ಕಾವು. ಬಗ್ಗಿ ನೋಡಿದೆ, ತಾಮ್ರವೆಲ್ಲ ಕರಿಗಟ್ಟಿತ್ತು. ಆಮೇಲೆ ಫ್ಯೂಸಿನ ಪೆಟ್ಟಿಗೆ ತೆರೆದೆ. ಒಂದೆಳೆ ತಂತಿ ಇರಬೇಕಾದಲ್ಲಿ ಎರಡೆಳೆ ಹೊಸೆದು ಕಟ್ಟಿತ್ತು.

ಕರೆಂಟು ಮಿತಿ ಮೀರಿದರೆ ಮೊದಲು ಆ ತಂತಿ ಕರಗಿ ಮೋಟರನ್ನು ಉಳಿಸಬೇಕು. ಎರಡೆಳೆ ಹಾಕಿದರೆ ತಂತಿ ಉಳಿಯುತ್ತದೆ, ಮೋಟರು ಸುಡುತ್ತದೆ. ನನಗೆ ಬೇಕಾದ ಕಳ್ಳ ಸಿಕ್ಕಿದ.

"ಇದನ್ನ ಯಾರ್ರೀ ಹಾಕಿದ್ದು?" ಎಂದೆ.

"ನಾನೇ ಮೇಸ್ತ್ರಿ," ಎಂದರು ಡ್ರೈವರ್. "ಒಂದೆಳೆ ನಿಲ್ತಾನೇ ಇರ್ಲಿಲ್ಲ. ಗಾಡಿಯವ್ರು ಜೀವ ತಿಂತಿದ್ರು."

"ನಿಲ್ತಾ ಇಲ್ಲ ಅಂದ್ರೆ ಯಾಕೆ ಅಂತ ನೋಡ್ಬೇಕು. ಅದು ಬಿಟ್ಟು ಮೋಟರಿನ ಕುತ್ತಿಗೆ ಹಿಸುಕೋದಾ?"

"ಅದು ತಪ್ಪೇ, ಒಪ್ಕೊಂಡೆ. ಆದ್ರೆ ರೋಗ ಅದಲ್ಲ ಮೇಸ್ತ್ರಿ. ನಾಳೆ ಬೆಳಕಲ್ಲಿ ಪೂರಾ ಬಿಚ್ಚಿ ನೋಡಿ. ಆಮೇಲೆ ಹೇಳಿ, ದಮ್ಮಯ್ಯ."

"ಭತ್ತ ಸುರಿಯೋರು ನಂಗೆ ಮೋಟರಿನ ಪಾಠ ಹೇಳ್ಬೇಡಿ," ಎಂದೆ. ಸುತ್ತ ನಿಂತವರು ನಕ್ಕರು. ಅವರು ನಕ್ಕದ್ದು ನನಗೆ ಹಿತವಾಯಿತು. ಆ ಹಿತವನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಸಾಹುಕಾರರು ಬಂದರು. ಎದುರುಗಡೆ ಮನೆ, ರಸ್ತೆ ದಾಟಿದರೆ ಗಿರಣಿ. ಕೆಟ್ಟವರಲ್ಲ, ಆದರೆ ಯಾರಾದರೂ ಒಂದು ಮಾತು ಕೊಟ್ಟರೆ ಅದಕ್ಕೆ ನಾಲ್ಕು ಸೇರಿಸಿ ಓಡುವ ಸ್ವಭಾವ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ. "ಏನಂತೆ ರೋಗ?" ಎಂದು ಕೇಳಿದರು.

ನಾನು ಕೈ ಒರೆಸಿಕೊಳ್ಳುತ್ತ, ಎಲ್ಲರಿಗೂ ಕೇಳುವಂತೆ ಹೇಳಿದೆ. "ಮೋಟರಿಗೆ ಯಾವ ರೋಗವೂ ಇರ್ಲಿಲ್ಲ. ನಡೆಸಿದವರ ಕೈಗುಣ ಇದು. ಮೈಮೇಲೆ ಎಚ್ಚರ ಇರೋರು ಎರಡೆಳೆ ಫ್ಯೂಸ್ ಹಾಕಿ ಓಡ್ಸೋದಿಲ್ಲ."

ಸಾಹುಕಾರರ ಮುಖ ಬದಲಾಯಿತು. ಡ್ರೈವರ್ ಕಡೆ ತಿರುಗಿ, "ಮತ್ತೆ ಶುರು ಮಾಡಿದ್ಯನಾ?" ಎಂದರು.

ಏನನ್ನು ಎಂದು ನನಗೆ ಗೊತ್ತಿರಲಿಲ್ಲ. ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹಿಂದೆ, ಹೆಂಡತಿ ತೀರಿಹೋದ ಹೊಸತರಲ್ಲಿ, ಡ್ರೈವರ್ ಎರಡು ವರ್ಷ ಕುಡಿತಕ್ಕೆ ಬಿದ್ದಿದ್ದರಂತೆ. ಬಿಟ್ಟು ಹನ್ನೆರಡು ವರ್ಷವಾಗಿತ್ತು.

"ಇಲ್ಲ ಅಯ್ಯಾ. ಮುಟ್ಟಿಲ್ಲ. ಮಗಳಾಣೆ," ಎಂದರು.

"ಮಗಳ ಹೆಸ್ರು ಎತ್ತಬೇಡ. ಸಾಗರದಿಂದ ಬಂದೋರಿಗೆ ನಿನ್ನ ಮೇಲೇನು ಹಗೆಯಾ? ಎಚ್ಚರ ಇರ್ಲಿಲ್ಲ ಅಂತ ಅವ್ರೇ ಹೇಳ್ತಿದಾರೆ. ನಾಳೆ ಮಧ್ಯಾಹ್ನದೊಳಗೆ ಬಿಡಾರ ಖಾಲಿ ಆಗ್ಬೇಕು."

ನಾನು ಕುಡಿತದ ಮಾತನ್ನೇ ಎತ್ತಿರಲಿಲ್ಲ. ಹಾಗೆಂದು ಅಲ್ಲೇ ಹೇಳಬಹುದಿತ್ತು. ಹೇಳಲಿಲ್ಲ. ನನ್ನ ತೀರ್ಪಿಗೆ ಬಲ ಬಂತಲ್ಲ ಎಂದು ಸುಮ್ಮನಿದ್ದೆ. ಡ್ರೈವರ್ ಒಮ್ಮೆ ಮೋಟರನ್ನು ನೋಡಿದರು, ಒಮ್ಮೆ ಸಾಹುಕಾರರನ್ನು ನೋಡಿದರು. ಆಮೇಲೆ ಹೆಗಲ ವಸ್ತ್ರ ಕೊಡವಿ ಬಿಡಾರದ ಕಡೆ ನಡೆದರು.

ಕೈಕಾಲು ತೊಳೆಯಲು ಬಾವಿಕಟ್ಟೆಗೆ ಹೋದಾಗ ಕೇರುವ ಹೆಂಗಸೊಬ್ಬಳು ನನ್ನ ಮುಖ ನೋಡದೆ ಹೇಳಿದಳು. "ಮಗಳು ಬಾಣಂತನಕ್ಕೆ ಬಂದಿದಾಳೆ. ಒಂಬತ್ತು ತುಂಬ್ತಾ ಬಂತು. ಗಂಡ ದಂಡಿನ ಲಾರಿ ಓಡ್ಸೋಕೆ ಹೋದೋನು, ಕಾಗದ ಇಲ್ಲ, ಕತೆ ಇಲ್ಲ. ಹೊಸನಗರದ ಆಚೆ ಅತ್ತೆ ಮನೆಯೋರು ಸೇರ್ಸೋದಿಲ್ಲ. ಎಲ್ಲಿಗೆ ಹೋಗ್ತಾರೋ."

ಹೊತ್ತು ಮುಳುಗುವಾಗ ಬಿಡಾರದಿಂದ ಹೆಣ್ಣು ಧ್ವನಿ ಕೇಳಿತು. ಮಾತು ತಿಳಿಯಲಿಲ್ಲ, ಜೋರು ಮಾತ್ರ ತಿಳಿಯಿತು. ಮಧ್ಯೆ ಮಧ್ಯೆ ಡ್ರೈವರ್‌ರ ಸಣ್ಣ ಧ್ವನಿ. ಆಮೇಲೆ ಎರಡೂ ನಿಂತವು. ಸಾಹುಕಾರರ ಮನೆಯ ಪಡಸಾಲೆಯಲ್ಲಿ ನನಗೆ ಬಡಿಸಿದ ಅನ್ನವನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಫ್ಯೂಸಿಗೆ ಎರಡೆಳೆ ಹಾಕಿದ್ದು ಸುಳ್ಳೇ ಎಂದು ನನಗೆ ನಾನೇ ಹತ್ತು ಸಲ ಕೇಳಿಕೊಂಡು ಮಲಗಿದೆ.

ಬೆಳಕು ಹರಿಯುತ್ತಲೇ ಮೋಟರಿನ ಮುಂದೆ ಕೂತೆ. ಕೆಳಗಿನ ಇಂಜಿನ್ ನೋಡಿಕೊಳ್ಳಲು ಸಾಹುಕಾರರು ಒಬ್ಬ ಆಳನ್ನು ಕೊಟ್ಟಿದ್ದರು. ಬ್ರಷ್ಷುಗಳನ್ನು ಎಳೆದು ತೆಗೆದೆ. ಒಂದರ ಮುಖದ ತುಂಬ ಗೀರು, ಮರಳು ಕಚ್ಚಿದ ಹಾಗೆ. ಭಾರ ಹೆಚ್ಚಾಗಿ ಸುಟ್ಟ ಬ್ರಷ್ಷಿನಲ್ಲಿ ಗೀರು ಯಾಕೆ ಬರಬೇಕು? ಬ್ರಷ್ ಕೂರುವ ಹಿತ್ತಾಳೆಯ ಗೂಡಿನ ಅಡಿಯಿಂದ ಕಂದು ಬಣ್ಣದ ಒಂದು ನಾರು ಹೊರಬಂತು. ಬೆರಳಲ್ಲಿ ಹೊಸಕಿದೆ. ಅಂಟಂಟು. ಮೂಸಿದೆ. ಅದು ಏನೆಂದು ನಮ್ಮ ಕಡೆಯ ಯಾವ ಮನೆಯವರೂ ಹೇಳಿಯಾರು. ಹುಣಸೆಹಣ್ಣಿನ ನಾರು.

ಉರುಳೆ ಹೊರತೆಗೆದು ಬಾಗಿಲಿನ ಬೆಳಕಿಗೆ ಹಿಡಿದೆ. ಮೇಲಿನ ಕರಿಯನ್ನು ಬಟ್ಟೆಯಲ್ಲಿ ಒರೆಸಿದರೆ ಅಡಿಯಲ್ಲಿ ತಾಮ್ರ ಬೆತ್ತಲೆ ಹೊಳೆಯಿತು. ನಾನು ಬಿಟ್ಟುಹೋಗಿದ್ದ ಕಾಫಿ ಬಣ್ಣ ಎಲ್ಲೂ ಇಲ್ಲ. ಪಟ್ಟಿಗಳ ನಡುವಿನ ಸಂದುಗಳಲ್ಲಿ ಬೂದಿ, ಎಣ್ಣೆ, ಕಾರ್ಬನ್ ಪುಡಿ ಕಲಸಿ ಗಟ್ಟಿಯಾದ ಕೆಸರು. ಒಂದು ಪಟ್ಟಿಯಿಂದ ಇನ್ನೊಂದಕ್ಕೆ ಹಾರಬಾರದ ಕರೆಂಟು ಆ ಕೆಸರಿನ ಮೇಲೆ ಸೇತುವೆ ದಾಟಿದ ಹಾಗೆ ದಾಟುತ್ತಿತ್ತು. ಫ್ಯೂಸ್ ನಿಲ್ಲದೆ ಇದ್ದದ್ದು ಅದಕ್ಕೇ. ರೋಗ ಮೊದಲು ಬಂದಿತ್ತು, ಎರಡೆಳೆ ತಂತಿ ಆಮೇಲೆ ಬಂದಿತ್ತು. ನಾನು ಹಿಂದಿನದನ್ನು ಮುಂದೆ ಮಾಡಿ ಓದಿದ್ದೆ. ಆಯುಧಪೂಜೆಗೆ ಯಾರೋ ದೇವರ ಚೊಂಬು ತಿಕ್ಕಿದ ಹಾಗೆ ಮೋಟರಿನ ತಾಮ್ರವನ್ನು ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ ಬೆಳಗಿದ್ದರು.

ಹೊರಗೆ ಗಾಡಿಯ ಸದ್ದಾಯಿತು. ಕಿಟಕಿಯಿಂದ ನೋಡಿದರೆ ಬಿಡಾರದ ಮುಂದೆ ಕಮಾನಿನ ಗಾಡಿ ಬಂದು ನಿಂತಿತ್ತು. ಡ್ರೈವರ್ ಒಂದು ಟ್ರಂಕು ಎತ್ತಿಟ್ಟರು. ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಮಗಳು ಬಾಗಿಲಲ್ಲಿ ನಿಂತಿದ್ದಳು.

ಈಗಲೇ ಹೋಗಿ ಸಾಹುಕಾರರಿಗೆ ಹೇಳಬೇಕೆನಿಸಿತು. ಆದರೆ ನಿನ್ನೆ ಒಂದು ಹೇಳಿದವನು ಇಂದು ಇನ್ನೊಂದು ಹೇಳಿದರೆ ಯಾರು ನಂಬುತ್ತಾರೆ? ಮೋಟರು ಕಿಡಿಯಿಲ್ಲದೆ ತಿರುಗಬೇಕು, ಅದನ್ನು ತೋರಿಸಿಯೇ ಮಾತಾಡಬೇಕು. ಗುಡಿಗಾರರು ಕೊಟ್ಟಿದ್ದ ಸಣ್ಣ ಉಳಿ ನನ್ನ ಚೀಲದಲ್ಲಿತ್ತು. ಅದರಿಂದ ಒಂದೊಂದೇ ಸಂದನ್ನು ಕೆರೆದೆ. ಗುಡಿಗಾರರ ತಾಳ್ಮೆ ಉಳಿಯ ಜೊತೆ ಬಂದಿರಲಿಲ್ಲ. ನಯವಾದ ಉಪ್ಪುಕಾಗದದಲ್ಲಿ ತಾಮ್ರ ಸವರಿ, ಒಣಬಟ್ಟೆಯಲ್ಲಿ ಒರೆಸಿ, ಹೊಸ ಬ್ರಷ್ ಕೂರಿಸಿ, ತಂತಿಗಳನ್ನು ಸಿಕ್ಕಿಸಿ ನಟ್ಟು ತಿರುವಿದೆ. ಗಾಡಿಗೆ ಹಾಸಿಗೆ ಸುರುಳಿ ಏರಿತು, ಒಲೆಯ ಮೇಲಿನ ಪಾತ್ರೆ ಏರಿತು. ನನ್ನ ಕಣ್ಣು ಅರ್ಧ ಮೋಟರಿನಲ್ಲಿ, ಅರ್ಧ ಕಿಟಕಿಯಲ್ಲಿ.

ಬೆಲ್ಟು ಕಳಚಿಟ್ಟು ಖಾಲಿ ಮೋಟರು ಚಾಲೂ ಮಾಡಿದೆ. ಸ್ಟಾರ್ಟರಿನ ಹಿಡಿ ತನ್ನಷ್ಟಕ್ಕೆ ಬಿದ್ದುಹೋಗುತ್ತಿತ್ತು. ಮೋಟರನ್ನು ಹಿಡಿತದಲ್ಲಿಡುವ ಸುತ್ತಲಿನ ತಂತಿಸುರುಳಿಗೆ ಫೀಲ್ಡು ಎನ್ನುತ್ತಾರೆ. ಅದರ ಕರೆಂಟು ಸರಿ ಇದ್ದರೆ ಸ್ಟಾರ್ಟರಿನ ಅಯಸ್ಕಾಂತ ಹಿಡಿಯನ್ನು ಎಳೆದು ನಿಲ್ಲಿಸಬೇಕು. ಬಿದ್ದರೆ ಏನೋ ಸರಿಯಿಲ್ಲ ಎಂದೇ ಅರ್ಥ. ಇನ್ನೊಬ್ಬರು ಮಾಡಿದ್ದರೆ ಕಪಾಳಕ್ಕೆ ಹೊಡೆಯುತ್ತಿದ್ದ ಕೆಲಸವನ್ನು ನಾನು ಮಾಡಿದೆ. ಅಲ್ಲೇ ಬಿದ್ದಿದ್ದ ಗೋಣಿದಾರ ತೆಗೆದು ಹಿಡಿಯನ್ನು ಕಟ್ಟಿದೆ.

ಮೋಟರು ಮೊದಲು ಚೆನ್ನಾಗಿಯೇ ತಿರುಗಿತು. ಕಿಡಿಯಿಲ್ಲ. ಉಸಿರು ಬಿಟ್ಟೆ. ಬಿಟ್ಟ ಉಸಿರು ಎಳೆದುಕೊಳ್ಳುವುದರೊಳಗೆ ಅದರ ಧ್ವನಿ ಏರಿತು. ಏರುತ್ತಲೇ ಹೋಯಿತು. ಅವಸರದಲ್ಲಿ ಫೀಲ್ಡಿನ ನಟ್ಟನ್ನು ನಾನು ಬಿಗಿ ಮಾಡಿರಲಿಲ್ಲ. ಅದುರಾಟಕ್ಕೆ ತಂತಿ ಕಳಚಿತ್ತು. ಫೀಲ್ಡು ಕಳೆದುಕೊಂಡ ಖಾಲಿ ಡಿ.ಸಿ. ಮೋಟರಿಗೆ ಲಂಗುಲಗಾಮಿಲ್ಲ. ತನ್ನ ವೇಗಕ್ಕೆ ತಾನೇ ಸಿಡಿದು ಚೂರಾಗುವವರೆಗೂ ಓಡುತ್ತದೆ. ಬೆಲ್ಟು ಕೂರುವ ಪುಲ್ಲಿ ಕಿರುಚುತ್ತಿತ್ತು, ನೆಲ ನಡುಗುತ್ತಿತ್ತು, ಮಾಡಿನಿಂದ ಜೇಡರ ಬಲೆ ಉದುರುತ್ತಿತ್ತು. ಬಿಚ್ಚಲು ಹೋದರೆ ದಾರದ ಗಂಟು ಬಿಗಿದುಕೊಂಡಿತು. ಸ್ವಿಚ್ಚು ಆಚೆ ಗೋಡೆಯಲ್ಲಿ. ಅಲ್ಲಿಗೆ ಹೋಗಲು ಆ ಪುಲ್ಲಿಯ ಮುಂದೆಯೇ ದಾಟಬೇಕು. ನಾನು ಹಿಂದಕ್ಕೆ ಸರಿದು ಗೋಡೆಗಂಟಿಕೊಂಡೆ. ಎರಡೆಳೆ ತಂತಿ ಇನ್ನೂ ಹಾಗೇ ಇತ್ತು. ಅದನ್ನು ಬದಲಿಸುವುದನ್ನೂ ಮರೆತಿದ್ದೆ, ಆದ್ದರಿಂದ ಫ್ಯೂಸೂ ಕೈಕೊಟ್ಟಿತು.

ಹಿಂಬಾಗಿಲಿಂದ ಡ್ರೈವರ್ ನುಗ್ಗಿದರು. ಹೆಗಲ ಮೇಲೆ ಒಂದು ಗಂಟು ಇತ್ತು. ಅದನ್ನು ಎಸೆದು, ಪುಲ್ಲಿಯ ಮುಂದೆ ತಲೆ ತಗ್ಗಿಸಿ ದಾಟಿ, ಗೋಡೆಯ ಸ್ವಿಚ್ಚಿನ ಹಿಡಿಯನ್ನು ಎರಡೂ ಕೈಯಲ್ಲಿ ಜಗ್ಗಿದರು. ಕಿರುಚಾಟ ಇಳಿಯುತ್ತ ಇಳಿಯುತ್ತ ನಿಂತಿತು. ಅವರು ಗೋಡೆಗೊರಗಿ ಸ್ವಲ್ಪ ಹೊತ್ತು ಏದುಸಿರು ಬಿಟ್ಟರು.

"ಫೀಲ್ಡಿನ ನಟ್ಟು ನೋಡಿ," ಎಂದರು. ಅಷ್ಟೇ. ಗಂಟು ಎತ್ತಿಕೊಳ್ಳಲು ಬಗ್ಗಿದರು.

ನಾನು ಮುಷ್ಟಿ ಬಿಚ್ಚಿ ಹುಣಸೆ ನಾರನ್ನು ತೋರಿಸಿದೆ. "ಇದು ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ನಿನ್ನೆ ಯಾಕೆ ಬಾಯಿ ಬಿಡ್ಲಿಲ್ಲ?"

ಅವರು ಎದುರಿನ ಮನೆಯ ಕಡೆ ಕಣ್ಣು ಹೊರಳಿಸಿದರು. "ತಿಕ್ಕಿದ್ದು ಅಮ್ಮ. ಸಾಹುಕಾರ್ರ ತಾಯಿ. ಪೂಜೆ ದಿನ ಮುಚ್ಚಳ ತೆಗ್ದು ಧೂಳು ಹೊಡೀತಾ ಇದ್ದೆ. ಕೆಳಗಿನ ಇಂಜಿನ್ನಿಗೆ ಹೂ ಏರ್ಸಿ ಬರೋದ್ರಲ್ಲಿ ಅವ್ರೇ ಕೂತು ತಿಕ್ತಾ ಇದ್ರು. ಬೇಡ ಅಮ್ಮ ಅನ್ನೋಕೆ ಬಾಯಿ ಬರ್ಲಿಲ್ಲ. ಆಮೇಲೆ ಒರೆಸ್ದೆ, ಹೋಗ್ಲಿಲ್ಲ. ಓಡ್ತಾ ಓಡ್ತಾ ಸರಿ ಹೋಗ್ತದೆ ಅಂತ ಎರಡೆಳೆ ಕಟ್ದೆ. ಅದು ನನ್ನ ತಪ್ಪೇ."

"ಇಷ್ಟನ್ನೇ ಹೇಳೋಕೆ ಏನಾಗಿತ್ತು ನಿಮಗೆ?"

"ಹೆಂಗೆ ಹೇಳ್ಲಿ ಮೇಸ್ತ್ರಿ? ನನ್ನ ಹೆಂಡ್ತಿ ಹೋದಾಗ ಈ ಕೂಸಿಗೆ ಎಣ್ಣೆ ನೀರು ಹಾಕಿ ಸಾಕಿದ್ದು ಆ ಕೈ. ಅಷ್ಟು ಜನ್ರ ಎದುರು ಆ ಕೈ ತೋರ್ಸಿ, ಕೆಡ್ಸಿದ್ದು ಇವ್ರು ಅನ್ಲಾ? ನೀವೂ ಅವ್ರ ಹೆಸ್ರು ಎತ್ತಬೇಡಿ."

ಎತ್ತುವುದಿಲ್ಲ ಎಂದೆ. ನಟ್ಟು ಬಿಗಿದು, ಫ್ಯೂಸಿಗೆ ಒಂದೇ ಎಳೆ ಕಟ್ಟಿ, ಗಾಡಿ ಸ್ವಲ್ಪ ನಿಲ್ಲಲಿ ಎಂದು ಹೇಳಿ ರಸ್ತೆ ದಾಟಿದೆ. ಸಾಹುಕಾರರು ಜಗುಲಿಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದರು. ನಾನು ನಿನ್ನೆ ಹೇಳಿದ್ದು ತಪ್ಪು, ಡ್ರೈವರ್ ಮೇಲೆ ಸುಮ್ಮನೆ ಹೊರಿಸಿದೆ, ಅವರನ್ನು ಕಳಿಸಬೇಡಿ ಎಂದು ಬೇಡಿಕೊಂಡೆ.

"ನಿನ್ನೆ ಒಂದು, ಇವತ್ತು ಒಂದು," ಎಂದು ಸಾಹುಕಾರರು ನಕ್ಕರು. "ರಾತ್ರಿ ನಿಂಗೂ ಒಂದು ಲೋಟ ಕುಡ್ಸಿದ್ನಾ ಏನ್ ಕತೆ?"

ನನ್ನ ಮೂಗಿನ ತುದಿಯಲ್ಲಿದ್ದದ್ದು ತಲೆಗೇರಿತು. ಕೊಟ್ಟ ಮಾತು ಮರೆತುಹೋಯಿತು. ಕಾಗದದಲ್ಲಿ ಕಟ್ಟಿಕೊಂಡಿದ್ದ ಕೆಸರನ್ನೂ ನಾರನ್ನೂ ಅವರ ಎಲೆಯ ತಟ್ಟೆಯ ಪಕ್ಕದಲ್ಲೇ ಸುರಿದೆ. "ಹುಣಸೆಹಣ್ಣು, ಒಲೆಬೂದಿ, ಎಣ್ಣೆ! ಮೋಟರಿಗೆ ಹಾಕಿದ್ದು ಇದು. ಯಾರು ಹಾಕಿದ್ರು ಅಂತ ನಿಮ್ಮನೆ ಒಳಗೇ ಕೇಳ್ಕೊಳಿ," ಎಂದು ಕೂಗಿದೆ.

ಕೂಗಿದ ಮೇಲೆ ಕೊಟ್ಟ ಮಾತು ನೆನಪಾಯಿತು. ಒಳಗಿಂದ ಹೆಜ್ಜೆ ಕೇಳಿಸಿತು. ಎಪ್ಪತ್ತು ದಾಟಿದ ಮುದುಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಬಾಗಿಲಲ್ಲಿ ನಿಂತರು. ಬಗ್ಗಿ ಆ ನಾರನ್ನು ಬೆರಳಲ್ಲಿ ಎತ್ತಿ ನೋಡಿದರು.

"ತಿಕ್ಕಿದ್ದು ನಾನೇ," ಎಂದರು. "ಮನೆ ತಾಮ್ರ ಎಲ್ಲ ಲಕಲಕ ಅಂತಿತ್ತು, ಅದೊಂದು ಕಪ್ಪಗೆ ಕೂತಿತ್ತು. ಕಪ್ಪು ತಾಮ್ರಕ್ಕೆ ಕುಂಕುಮ ಇಡೋದಾ ಅಂತ ತಿಕ್ಕಿ, ಮೇಲೆ ಒಂಚೂರು ಕೊಬ್ಬರಿ ಎಣ್ಣೆ ಸವರ್ದೆ. ಅದ್ರಿಂದ ಕೆಟ್ತಾ?"

"ಹೌದಮ್ಮ," ಎಂದೆ.

"ಅದನ್ನ ಮುಟ್ಟಬಾರ್ದು ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಹೋದ ತಿಂಗ್ಳು ಎರಡು ದಿನ ಇಲ್ಲೇ ಉಂಡು, ಇಲ್ಲೇ ಮಲ್ಗಿ ಹೋದ್ಯಲ್ಲ. ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲಮ್ಮ."

"ನಂಗೆ ಗೊತ್ತಿರ್ಲಿಲ್ಲ, ಕೆಡ್ಸಿದೆ. ನಿಂಗೆ ಗೊತ್ತಿತ್ತು, ಬಾಯಿ ಮುಚ್ಕೊಂಡು ಹೋದೆ. ಆಮೇಲೆ ಬಾಯಿ ತೆಗ್ದಿದ್ದು ಎಂತಕ್ಕೆ ಅಂತ ನೀನೇ ನೋಡ್ಕೋ."

ಸಾಹುಕಾರರು ಏನೋ ಹೇಳಲು ಹೊರಟರು. ಮುದುಕಿ ಅವರ ಕಡೆ ತಿರುಗಿಯೂ ನೋಡದೆ, ಮೆಟ್ಟಿಲಿಳಿದು, ಬರಿಗಾಲಲ್ಲಿ ರಸ್ತೆ ದಾಟಿ ಗಾಡಿಯ ಹತ್ತಿರ ಹೋದರು. ನೊಗಕ್ಕೆ ಕೈ ಹಾಕಿ, "ಎತ್ತು ಬಿಚ್ಚು," ಎಂದು ಗಾಡಿಯವನಿಗೆ ಹೇಳಿದರು. ಡ್ರೈವರ್ ಕಡೆಗೆ, "ನನ್ನ ಹೆಸ್ರು ಹೇಳೋಕಾಗ್ದೆ ಈ ಹುಡುಗೀನ ಬೀದಿಗೆ ಹಾಕೋಕೆ ಹೊರ್ಟಿದ್ಯಾ? ನಾನು ನಿಂಗೆ ಅಷ್ಟು ಬೇರೆಯವಳಾ?" ಎಂದು ಗದರಿದರು. ಸಾಹುಕಾರರು ಹಿಂದೆಯೇ ಬಂದು, ಯಾರ ಮುಖವನ್ನೂ ನೋಡದೆ, ತಾವೇ ಟ್ರಂಕು, ಹಾಸಿಗೆ, ಪಾತ್ರೆಗಳನ್ನು ಗಾಡಿಯಿಂದ ಕೆಳಗಿಳಿಸಿದರು.

ಎಲ್ಲರ ಎದುರೇ ನಾನು ಡ್ರೈವರ್‌ಗೆ ಕೈಮುಗಿದೆ. ತಪ್ಪಾಯ್ತು ಎಂದೆ. "ನಂಗ್ಯಾಕೆ ಹೇಳ್ತೀರಿ, ಹೋಗ್ಲಿ ಬಿಡಿ," ಎಂದು ಅವರು ಒಳಗೆ ಬೆಲ್ಟು ಏರಿಸಲು ಹೋದರು. ಅವರಿಗೆ ಅಲ್ಲಿ ನಿಲ್ಲುವುದು ಬೇಡವಾಗಿತ್ತು.

ಮಗಳು ಗಾಡಿಯ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಇಳಿಯಲು ಆಗದೆ ಒಂದು ಕೈ ಮುದುಕಿಯ ಭುಜದ ಮೇಲೆ ಇಟ್ಟಿದ್ದಳು. ನನಗಿಂತ ಐದಾರು ವರ್ಷ ಚಿಕ್ಕವಳಿರಬೇಕು. ನಾನು ಹತ್ತಿರ ಹೋಗಿ ಹೇಳಿದೆ. "ನಿಮ್ಮಪ್ಪ ಕುಡಿದಿರ್ಲಿಲ್ಲ ತಂಗಿ. ನಾನು ನೋಡ್ದೆ ಮಾತಾಡ್ದೆ. ತಪ್ಪೆಲ್ಲ ನಂದು."

ಅವಳು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ.

"ನಿನ್ನೆ ಸಂಜೆ ಅಪ್ಪ ಕುಡಿದಿಲ್ಲ, ಕುಡಿದಿಲ್ಲ ಅಂತ ಎಷ್ಟು ಹೇಳಿದ್ರೂ ನಾನು ನಂಬ್ಲಿಲ್ಲ ಅಣ್ಣ," ಎಂದಳು. "ಎಲ್ಲಿ, ಬಾಯಿ ತೆಗೀರಿ ಅಂದೆ. ಚಿಕ್ಕ ಮಕ್ಕಳ ಹಾಗೆ ನನ್ನ ಮುಂದೆ ಕೂತು ಬಾಯಿ ತೆಗೆದ್ರು. ಮೂಸಿ ನೋಡ್ದೆ. ವಾಸನೆ ಇರ್ಲಿಲ್ಲ. ಆದ್ರೂ ನಂಬ್ಲಿಲ್ಲ. ಮೇಸ್ತ್ರಿ ತಿಳಿದೋರು, ಅವ್ರು ಯಾಕೆ ಸುಳ್ಳು ಹೇಳ್ತಾರೆ ಅಂದೆ."

ಮುದುಕಿ ಅವಳನ್ನು ಮೆಲ್ಲಗೆ ಇಳಿಸಿಕೊಂಡು ಬಿಡಾರದೊಳಗೆ ಕರೆದುಕೊಂಡು ಹೋದರು. ಗಿರಣಿಯಲ್ಲಿ ಮೋಟರು ತಿರುಗತೊಡಗಿತು, ಗಾಡಿಯವರು ಮೂಟೆ ಇಳಿಸಲು ಎದ್ದರು. ನಾನು ಆ ಖಾಲಿ ಗಾಡಿಯ ಪಕ್ಕದಲ್ಲಿ ನಿಂತೇ ಇದ್ದೆ.